ಕಪ್ಪು ಬಳಿದ ಅರ್ಧ

ಅಮೆರಿಕದ ಪಶ್ಚಿಮ ಕರಾವಳಿಯ ಮುಕಿಲ್ಟಿಯೊ ಊರಿನ ಲೈಬ್ರರಿಯಲ್ಲಿ ಬಾಗಿಲ ಪಕ್ಕ ಒಂದು ಗಾಜಿನ ಪೆಟ್ಟಿಗೆ ಇತ್ತು. ಊರಿನವರು ಮಾಡಿದ ಕುಸುರಿಯನ್ನು ಅದರಲ್ಲಿ ಇಡುತ್ತಿದ್ದರು. ನಾನು ಮದುವೆಯಾಗಿ ಅಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಅದರ ತುಂಬ ಕಿರೀಟಗಳಿದ್ದವು. ಎಲ್ಲವೂ ಕಾಗದದ ಮೇಲೆ ಬರೆದ ಕಿರೀಟಗಳು. ರಾಜನದು ಮೇಲೆ ಕಮಾನು ಕೂಡಿ ಮುಚ್ಚಿಕೊಂಡಿತ್ತು, ಡ್ಯೂಕ್‌ನದಕ್ಕೆ ಸ್ಟ್ರಾಬೆರಿ ಎಲೆಗಳಿದ್ದವು, ಬ್ಯಾರನ್‌ನದರಲ್ಲಿ ಬರೀ ಬೆಳ್ಳಿಯ ಗುಂಡುಗಳು. ಚಿನ್ನ ಕಾಗದದಿಂದ ಉಬ್ಬಿ ನಿಂತಿತ್ತು. ಮೈಸೂರಿನಲ್ಲಿ ನಾನು ಕಲಿತದ್ದೂ ಅದೇ ಕೆಲಸ. ಅಂಟು ಕಲಸಿದ ಬಿಳಿ ಲೇಪವನ್ನು ಉಬ್ಬಿಸಿ, ಒಣಗಿದ ಮೇಲೆ ಚಿನ್ನದ ರೇಕು ಕೂರಿಸಿ, ದೇವರ ಪಟಗಳಲ್ಲಿ ಒಡವೆ ಮಾಡುವುದು. ಹಾಗಾಗಿ ಗಾಜಿಗೆ ಮೂಗು ತಾಗಿಸಿಕೊಂಡು ನೋಡುತ್ತ ನಿಂತುಬಿಟ್ಟಿದ್ದೆ.

ಅವನ್ನು ಬರೆದವರು ಹಿಂದೆಯೇ ನಿಂತಿದ್ದರು. ಎತ್ತರದ, ಬೆಳ್ಳಗಿನ ಮುದುಕಿ. ಲಂಡನ್ನಿನಲ್ಲಿ ದೊಡ್ಡ ಮನೆತನಗಳ ಲಾಂಛನ ಬರೆಯುವ ಕೆಲಸ ಮಾಡಿದ್ದವರು. ಕಾರು, ಜನರನ್ನು ದಾಟಿಸುವ ಫೆರಿ ಹಡಗು ನಡೆಸುತ್ತಿದ್ದ ಅಮೆರಿಕದವರೊಬ್ಬರನ್ನು ಮದುವೆಯಾಗಿ ಈ ದಡಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ರೇಕು ಕೂರಿಸುವುದು ನನಗೂ ಗೊತ್ತು ಅಂದಾಗ ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. ಅದು ನಿಲ್ಲದೆ ನಡುಗುತ್ತಿತ್ತು.

ಹೀಗೆ ನಾನು ಅವರ ಮನೆಗೆ ಹೋಗುವುದು ಶುರುವಾಯಿತು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ನನ್ನ ಗಂಡ ಬೆಳಿಗ್ಗೆ ವಿಮಾನ ಕಾರ್ಖಾನೆಗೆ ಹೋದರೆ ಸಂಜೆಯೇ ಬರುತ್ತಿದ್ದದ್ದು. ಎಲ್ಲ ಕಡೆ ಕೆಲಸ ಹೋಗುವ ಮಾತೇ ಕೇಳಿಬರುತ್ತಿದ್ದ ಕಾಲ ಅದು; ಅವರು ಬಂದು ಊಟ ಮಾಡಿ ಟಿವಿ ಮುಂದೆ ಕೂರುತ್ತಿದ್ದರು. ಹಗಲೆಲ್ಲ ಮೋಡ. ಹಾಗಾಗಿ ಯಾರ ಮನೆಯಾದರೂ ಸರಿ ಅನ್ನಿಸುತ್ತಿತ್ತು.

ಹೆಸರು ಹಿಡಿದು ಕರೆ ಅಂತ ಅವರು ಹೇಳಿದ್ದರು. ನನ್ನ ಬಾಯಿಗೆ ಅದು ಬರಲಿಲ್ಲ. ಅವರು ನನಗೆ ಮೇಡಂ ಆಗಿಯೇ ಉಳಿದರು, ಅವರ ಗಂಡ ಕ್ಯಾಪ್ಟನ್. ಕ್ಯಾಪ್ಟನ್ ನಿವೃತ್ತರಾಗಿದ್ದರು. ದಪ್ಪ ಕುತ್ತಿಗೆಯ, ಯಾವಾಗಲೂ ಸೀಟಿ ಹಾಕುತ್ತಿದ್ದ ಮನುಷ್ಯ. ನನ್ನನ್ನು ಕಾರಿನಲ್ಲಿ ಕರೆತಂದು ಮತ್ತೆ ಮನೆಗೆ ಬಿಡುತ್ತಿದ್ದವರು ಅವರೇ. ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. ಮನೆ ಇಳಿಜಾರಿನಲ್ಲಿತ್ತು, ಮೇಲಿನ ಕೋಣೆಯ ಕಿಟಕಿಯಿಂದ ಫೆರಿಗೆ ಕಾಯುವ ಕಾರುಗಳ ಸಾಲು ಕಾಣುತ್ತಿತ್ತು.

ಆ ಕೋಣೆಯಲ್ಲಿ ಮೇಡಂ ಕೆಲಸ ಹೇಳಿಕೊಡುತ್ತ ರಾಜರ ವಿಷಯ ಹೇಳುತ್ತಿದ್ದರು. ಚಿನ್ನದ ಮೇಲೆ ಬೆಳ್ಳಿ ಬರೆಯಬಾರದು, ಬಣ್ಣದ ಮೇಲೆ ಬಣ್ಣ ಬರೆಯಬಾರದು. ಸಿಂಹದ ನಾಲಿಗೆ, ಉಗುರು ಕೆಂಪು. ಬಾಲ ಕಾಲ ಸಂದಿಯಲ್ಲಿದ್ದರೆ ಅದು ಹೇಡಿ ಸಿಂಹ. ರಾಜರ ನಿಲುವಂಗಿಯ ಬಿಳಿ ತುಪ್ಪಳದಲ್ಲಿ ಕಾಣುವ ಒಂದೊಂದು ಕಪ್ಪು ಚುಕ್ಕೆಯೂ ಒಂದೊಂದು ಪ್ರಾಣಿಯ ಬಾಲದ ತುದಿ ಎಂದು ಅವರು ಹೇಳಿದ ಮೇಲೆ ಅಂಥ ಚಿತ್ರಗಳನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಆ ಚುಕ್ಕೆಗಳ ಮೇಲೇ ನಿಲ್ಲುತ್ತಿತ್ತು. ಒಮ್ಮೆ ಯಾವುದೋ ಚಕ್ರವರ್ತಿಯ ಎರಡು ತಲೆಯ ಹದ್ದನ್ನು ತೋರಿಸಿದಾಗ, ನಮ್ಮ ಮೈಸೂರಿನಲ್ಲೂ ಎರಡು ತಲೆಯ ಹಕ್ಕಿ ಇದೆ, ಗಂಡಭೇರುಂಡ ಅಂತ, ಸರ್ಕಾರದ ಕಾಗದದ ಮೇಲೂ ಅದೇ ಇರುತ್ತದೆ ಅಂದೆ. ಅವರು ನನ್ನಿಂದ ಅದನ್ನು ಬರೆಸಿಕೊಂಡು ಗೋಡೆಗೆ ಅಂಟಿಸಿದರು.

ಎಡ ಬಲ ಕಲಿಯುವುದು ಮಾತ್ರ ಕಷ್ಟವಾಯಿತು. ಲಾಂಛನ ಬರೆಯುವುದು ಗುರಾಣಿಯ ಆಕಾರದೊಳಗೆ; ಗುರಾಣಿಯ ಬಲ ಎಂದರೆ ಅದನ್ನು ಹಿಡಿದವನ ಬಲ, ನೋಡುವ ನಮಗೆ ಎಡ. ಗಂಡ ಹೆಂಡತಿಯ ಲಾಂಛನ ಒಂದೇ ಗುರಾಣಿಯಲ್ಲಿ ಬಂದರೆ ಬಲದ ಅರ್ಧ ಗಂಡನದು, ಎಡದ ಅರ್ಧ ಹೆಂಡತಿಯದು. ನಾನು ತಪ್ಪುತ್ತಲೇ ಇದ್ದೆ. ಒಂದು ದಿನ ನನ್ನ ಮದುವೆಯ ಫೋಟೊ ನೆನಪಿಗೆ ಬಂತು. ಹಸೆಯ ಮೇಲೆ ನಾನು ಗಂಡನ ಎಡಕ್ಕೆ ಕೂತಿದ್ದೆ. ಫೋಟೊ ನೋಡುವವರಿಗೆ ಬಲಕ್ಕೆ ಕಾಣುತ್ತೇನೆ. ಅಲ್ಲಿಂದ ಮುಂದೆ ತಪ್ಪಲಿಲ್ಲ.

ಅವರು ನನ್ನನ್ನು ಕರೆಸಿದ್ದು ಒಂದು ಮರದ ಫಲಕಕ್ಕಾಗಿ. ಚೌಕದ ಹಲಗೆಯನ್ನು ಮೂಲೆಯ ಮೇಲೆ ನಿಲ್ಲಿಸಿದ ಹಾಗೆ, ವಜ್ರದಾಕಾರ. ನಾನು ಎರಡೂ ಕೈ ಚಾಚಿದರೂ ತಬ್ಬಿಕೊಳ್ಳಲಾಗದಷ್ಟು ಅಗಲ. ನಡುವೆ ಗುರಾಣಿ. ಅದರ ಒಂದು ಅರ್ಧದಲ್ಲಿ ನೀಲಿಯ ಮೇಲೆ ಹಡಗು, ಕೆಳಗೆ ಅಲೆಗಳು. ಅದು ಕ್ಯಾಪ್ಟನ್‌ಗಾಗಿ ಮದುವೆಯ ಹೊತ್ತಿನಲ್ಲಿ ಮೇಡಂ ತಾವೇ ಕಲ್ಪಿಸಿ ಕೊಟ್ಟದ್ದು. ಇನ್ನೊಂದು ಅರ್ಧದಲ್ಲಿ ಕೆಂಪಿನ ಮೇಲೆ ಬೆಳ್ಳಿಯ ಕೊಕ್ಕರೆ, ಅದು ಅವರ ತವರಿನದು. ಗುರಾಣಿಯ ಹಿಂದಿನ ಬಯಲು ಹಡಗಿನ ಕಡೆ ಕಪ್ಪು, ಕೊಕ್ಕರೆಯ ಕಡೆ ಬಿಳಿ. ಗುರಾಣಿಯ ಮೇಲುಗಡೆ ಪೆನ್ಸಿಲ್ಲಿನಲ್ಲಿ ಏನೋ ಗೀಚಿದ್ದರು. ಇನ್ನೂ ಆಕಾರಕ್ಕೆ ಬಂದಿರಲಿಲ್ಲ. ಮದುವೆಯ ವಾರ್ಷಿಕೋತ್ಸವಕ್ಕೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ಹಡಗಿಗೆ ಚಿನ್ನ ಕೂರಿಸುತ್ತ ಹೋದೆ.

ವಸಂತ ಬರುವ ಹೊತ್ತಿಗೆ ಪೆನ್ಸಿಲ್ಲಿನ ಗೀಚು ತಲೆಬುರುಡೆಯಾಯಿತು.

ನಾನು ಕುಂಚ ಕೆಳಗಿಟ್ಟು ಇದೇನು ಅಂತ ಕೇಳಿದೆ. ಮೇಡಂ ಮುಚ್ಚಿಡಲಿಲ್ಲ. ಅವರ ದೇಶದಲ್ಲಿ ಹಿಂದೆ ದೊಡ್ಡ ಮನೆಯವರು ಸತ್ತರೆ ಇಂಥ ಫಲಕವನ್ನು ಬಾಗಿಲ ಮೇಲೆ ಒಂದು ವರ್ಷ ತೂಗುಹಾಕುತ್ತಿದ್ದರಂತೆ. ಸತ್ತವರ ಕಡೆ ಕಪ್ಪು, ಬದುಕಿರುವವರ ಕಡೆ ಬಿಳಿ. ದಾರಿಯಲ್ಲಿ ಹೋಗುವವರು ಓದದೆಯೇ ತಿಳಿದುಕೊಳ್ಳಬಹುದು, ಹೋದದ್ದು ಗಂಡನೋ ಹೆಂಡತಿಯೋ ಅಂತ. ತಲೆಬುರುಡೆ ಇದ್ದರೆ ಆ ವಂಶದಲ್ಲಿ ಅವನೇ ಕೊನೆಯವನು. ರಾಜ ಸತ್ತಾಗಲೂ ಹೀಗೇ ಎಲ್ಲವನ್ನೂ ಕಣ್ಣಿಗೆ ಕಾಣುವ ಹಾಗೆ ಮಾಡುತ್ತಾರೆ, ಶವದ ಪೆಟ್ಟಿಗೆಯ ಮೇಲಿಂದ ಕಿರೀಟ, ಗೋಳ, ರಾಜದಂಡ ಒಂದೊಂದಾಗಿ ತೆಗೆಯುತ್ತಾರೆ, ಅರಮನೆಯ ಅಧಿಕಾರಿ ತನ್ನ ಬಿಳಿಯ ಕೋಲನ್ನು ಎರಡಾಗಿ ಮುರಿದು ಅದರ ಮೇಲಿಡುತ್ತಾನೆ ಎಂದೆಲ್ಲ ಹೇಳಿದರು. ಅವರು ಹೇಳುತ್ತಿದ್ದಾಗ ಕೆಳಗೆ ಅಡುಗೆಮನೆಯಲ್ಲಿ ಕ್ಯಾಪ್ಟನ್ ಸೀಟಿ ಹಾಕುತ್ತ ಪಾತ್ರೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು.

ನಾವು ಕುಂಕುಮ ಕೈತಪ್ಪಿ ಚೆಲ್ಲಿದರೂ ಎದೆ ಹಿಡಿದುಕೊಳ್ಳುವವರು. ಇಲ್ಲಿ ಹೆಂಡತಿಯೊಬ್ಬಳು ಕೂತು, ಗಂಡ ಓಡಾಡಿಕೊಂಡಿರುವಾಗಲೇ, ಅವನ ಅರ್ಧಕ್ಕೆ ಕಪ್ಪು ಬಳಿದು ಮುಗಿಸಿದ್ದಳು.

"ಅವರ ಹಾರ್ಟ್ ಸರಿಯಿಲ್ಲ. ಡಾಕ್ಟರ್ ಹೇಳಿ ಆಯ್ತು," ಅಂದರು ಮೇಡಂ. "ಅವರು ಹೋದ್ಮೇಲೆ ಬರಿಯೋಣ ಅಂದ್ರೆ ಆವಾಗ ಈ ಕೈ ಕೆಲಸಕ್ಕೆ ಬರಲ್ಲ. ಅದಕ್ಕೇ ಈಗ."

ಕ್ಯಾಪ್ಟನ್‌ಗೆ ಇದು ಗೊತ್ತೇ ಎಂದು ಕೇಳಿದೆ. ಅವರಿಗೆ ಲಾಂಛನ ಓದಲು ಬರುವುದಿಲ್ಲ, ಹೇಳಬೇಡ ಅಂದರು.

ಅವತ್ತು ಮನೆಗೆ ಬಿಡುವಾಗ ಕ್ಯಾಪ್ಟನ್ ನೀರಿನ ವಿಷಯ ಹೇಳುತ್ತಿದ್ದರು, ಮಂಜು ಕವಿದಾಗ ಎದುರಿನ ದ್ವೀಪ ಹೇಗೆ ಇಲ್ಲವಾಗಿಬಿಡುತ್ತದೆ, ಗಂಟೆಯ ಸದ್ದಿನ ಮೇಲೆ ಹಡಗನ್ನು ಹೇಗೆ ದಡಕ್ಕೆ ತರಬೇಕು ಅಂತ. ನಾನು ಅವರ ಸ್ಟೀರಿಂಗ್ ಮೇಲಿನ ಕೈ ನೋಡುತ್ತ ಹೂಂ ಅನ್ನುತ್ತಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸಿ, ನಾನು ಬಾಗಿಲು ತೆಗೆಯುತ್ತಿದ್ದಾಗ ಅವರು ಮಾಮೂಲಿ ದನಿಯಲ್ಲಿ ಕೇಳಿದರು:

"ಕಪ್ಪು ಒಣಗಿತಾ?"

ಒಣಗಿದೆ ಅಂದೆ. ಅವರು ತಲೆಯಾಡಿಸಿ ಹೊರಟುಹೋದರು. ಹಲಗೆಯನ್ನು ಬೇರೆ ಕಡೆ ಸರಿಸಬೇಕಿತ್ತೋ ಏನೋ, ಅದಕ್ಕೆ ಕೇಳಿದರೇನೋ. ಅಥವಾ ಎಲ್ಲ ಗೊತ್ತಿದ್ದೇ ಕೇಳಿದರೋ. ಆ ದಿನದಿಂದ ಆ ಮನೆಯ ಮೆಟ್ಟಿಲು ಹತ್ತುವಾಗ ನನಗೆ ಕೆಳಗಿನಿಂದ ಅವರ ಸೀಟಿಯ ಸದ್ದು ಕೇಳದಿದ್ದರೆ ಕಾಲು ಮುಂದೆ ಹೋಗುತ್ತಿರಲಿಲ್ಲ.

ಗಂಡನಿಗೆ ಹೇಳಿದೆ. ಅವರು ಧಾರವಾಡದವರು, ಮಾತು ಕಡಿಮೆ. ತಟ್ಟೆ ಪಕ್ಕಕ್ಕೆ ಸರಿಸಿ, "ಯಾಕ ಬೇಕ ನಿನಗ ಇದು? ಬಿಟ್ಟಬಿಡು," ಅಂದರು. ಬಿಡುತ್ತೇನೆ ಅಂದೆ. ಬಿಡಲಿಲ್ಲ. ಅಷ್ಟರಲ್ಲಿ ನಾನು ಬಸುರಿ ಎಂದು ಗೊತ್ತಾಯಿತು. ಅತ್ತೆ ಬಾಣಂತನಕ್ಕೆಂದು ಮುಂಚಿತವಾಗಿಯೇ ಬಂದಿಳಿದರು. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಅತ್ತೆಗೆ ಊರಿನಲ್ಲಿ ಕಾಯುವಂಥದ್ದು ಏನೂ ಇರಲಿಲ್ಲ. ಬಂದ ವಾರವೇ ನನ್ನ ಉಗುರಿನ ಸಂದಿಯ ಬಣ್ಣ ನೋಡಿ ಅದೇನು ಹತ್ತಿದೆ ಅಂತ ಕೇಳಿದರು. ಗಂಡ ಎಲ್ಲ ಹೇಳಿಬಿಟ್ಟರು. ಅತ್ತೆ ಕೂಗಾಡಲಿಲ್ಲ. ಹೊಟ್ಟೆಯೊಳಗೆ ಒಂದು ಜೀವ ಇಟ್ಟುಕೊಂಡು ಬುರುಡೆ ಬರೆಯುವುದು ಬೇಡ, ಹೆತ್ತ ಮೇಲೆ ಏನು ಬೇಕಾದರೂ ಬರಿ ಅಂದರು. ನನಗೂ ಒಳಗೊಳಗೆ ಭಯವಿತ್ತು. ಮೇಡಂಗೆ ಫೋನ್ ಮಾಡಿ ಮೈ ಸರಿಯಿಲ್ಲ, ಕೆಲವು ದಿನ ಬರುವುದಿಲ್ಲ ಅಂದೆ. ಬುರುಡೆಯನ್ನು ತಾವೇ ಬರೆಯುತ್ತೇನೆ, ಅದಕ್ಕೆ ಕೈ ನಡುಗಿದರೂ ಪರವಾಗಿಲ್ಲ ಅಂತ ಅವರು ನಕ್ಕರು.

ಅದೇ ನಾನು ಕೇಳಿದ ಅವರ ಕೊನೆಯ ಮಾತು. ಆಮೇಲೆ ಒಂದು ಮಧ್ಯಾಹ್ನ ಕ್ಯಾಪ್ಟನ್ ಫೋನ್ ಮಾಡಿದರು. ಬೆಳಿಗ್ಗೆ ತೋಟದಲ್ಲಿ ಹೂವಿಗೆ ನೀರು ಹಾಕುತ್ತಿದ್ದ ಮೇಡಂ ಅಲ್ಲೇ ಕುಸಿದಿದ್ದರು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಸ್ಪತ್ರೆ ತಲುಪುವ ಮುಂಚೆಯೇ ಎಲ್ಲ ಮುಗಿದಿತ್ತು. ಫೋನಿನಲ್ಲಿ ಕ್ಯಾಪ್ಟನ್ ದನಿ ಗಟ್ಟಿಯಾಗಿಯೇ ಇತ್ತು. ಹೋಗುತ್ತಾರೆಂದು ಕಪ್ಪು ಬಳಿದಿಟ್ಟದ್ದು ಒಂದು ಕಡೆ, ಹೋದವರು ಇನ್ನೊಂದು ಕಡೆ.

ಅಂತ್ಯಕ್ರಿಯೆ ಮುಗಿದು ಕೆಲವು ದಿನವಾದ ಮೇಲೆ ಒಂದು ಶನಿವಾರ ನಾವು ಮೂವರೂ ಕ್ಯಾಪ್ಟನ್‌ರನ್ನು ನೋಡಲು ಹೋದೆವು. ಅತ್ತೆ ಬರುತ್ತೇನೆ ಅಂದದ್ದು ನನಗೆ ಆಶ್ಚರ್ಯವಾಯಿತು. ಸಾವಾದ ಮನೆಗೆ ಬಸುರಿ ಹಿರಿಯ ಹೆಂಗಸಿಲ್ಲದೆ ಹೋಗಬಾರದು ಅನ್ನುವುದು ಅವರ ಲೆಕ್ಕ. ಕ್ಯಾಪ್ಟನ್ ನಮ್ಮನ್ನು ನೇರ ಮೇಲಿನ ಕೋಣೆಗೆ ಕರೆದೊಯ್ದರು. ಫಲಕ ಅಲ್ಲೇ ಇತ್ತು. ಬುರುಡೆ ಇನ್ನೂ ಪೆನ್ಸಿಲ್ಲಿನಲ್ಲೇ ಇತ್ತು, ಒಂದು ಕಣ್ಣಿನ ಗುಳಿಗೆ ಮಾತ್ರ ಬಣ್ಣ ಬಿದ್ದಿತ್ತು.

"ನನಗೆ ಓದೋಕೆ ಬರತ್ತೆ," ಅಂದರು ಕ್ಯಾಪ್ಟನ್. "ಇಷ್ಟು ವರ್ಷ ಅವಳ ಜೊತೆ ಇದ್ದು ಇಷ್ಟೂ ಕಲೀಲಿಲ್ಲ ಅಂದ್ಕೊಂಡಿದ್ಲು. ನಾನೂ ಹಾಗೇ ಇರಲಿ ಅಂತ ಬಿಟ್ಟೆ."

ಆಮೇಲೆ ನನ್ನ ಕಡೆ ತಿರುಗಿ, ಹೆಂಡತಿಯ ಬದಿಯನ್ನು ಕಪ್ಪು ಮಾಡಿಕೊಡಬೇಕು, ಪದ್ಧತಿಯ ಪ್ರಕಾರ ಬಾಗಿಲ ಮೇಲೆ ಹಾಕಬೇಕು ಎಂದರು. ತಮ್ಮ ಕಡೆಯದನ್ನು ಮುಟ್ಟುವುದು ಬೇಡ, ಹಾಗೇ ಕಪ್ಪಾಗಿಯೇ ಇರಲಿ, ಬಹಳ ದಿನ ಕಾಯಬೇಕಾಗುವುದಿಲ್ಲ ಅಂತ ಸೇರಿಸಿದರು. ಸೀಟಿ ಹಾಕುವ ಮನುಷ್ಯನ ಬಾಯಿಂದ ಆ ಮಾತು ಕೇಳಿ ನನ್ನ ಗಂಡ ಕಿಟಕಿಯ ಕಡೆ ಮುಖ ತಿರುಗಿಸಿದರು.

ಏನು ಹೇಳುತ್ತಿದ್ದಾನೆ ಅಂತ ಅತ್ತೆ ಕೇಳಿದರು. ಹೇಳಿದೆ. ಅವರು ಫಲಕವನ್ನೂ ಕ್ಯಾಪ್ಟನ್‌ರನ್ನೂ ಬಹಳ ಹೊತ್ತು ನೋಡಿದರು.

"ಬದುಕಿರೊ ಮನಷ್ಯಾನ ಮ್ಯಾಲೆ ಕರಿ ಬಿಟ್ಟರ ಹೆಂಗ," ಅಂದರು. "ಅದನ್ನ ಮೊದಲ ತಗಿ. ಅಕೀ ಕಡೆ ಹಚ್ಚೋದು ಆಮ್ಯಾಲೆ. ನಾ ಇಲ್ಲೇ ಕುಂಡರತೀನಿ."

ಬೇಡ ಅಂದವರೇ ಮಾಡು ಅನ್ನುತ್ತಿದ್ದರು. ಅಪಶಕುನಕ್ಕೆ ಹೆದರುವವರಿಗೆ ಈ ಕೆಲಸವನ್ನು ಅರ್ಧಕ್ಕೆ ಬಿಡುವುದು ಇನ್ನೂ ದೊಡ್ಡ ಅಪಶಕುನವಾಗಿ ಕಂಡಿತ್ತು. ಕ್ಯಾಪ್ಟನ್‌ಗೆ ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಅತ್ತೆಗೆ ಒಂದು ಕುರ್ಚಿ ತಂದು ಹಾಕಿದರು.

ಕಪ್ಪಿನ ಮೇಲೆ ಬಿಳಿ ನಿಲ್ಲುವುದಿಲ್ಲ. ಎಷ್ಟು ಬಳಿದರೂ ಒಳಗಿಂದ ಬೂದಿಯ ಬಣ್ಣ ಎದ್ದು ಬರುತ್ತದೆ. ಹಾಗಾಗಿ ಕ್ಯಾಪ್ಟನ್ ಮತ್ತು ನನ್ನ ಗಂಡ ಸೇರಿ ಅದನ್ನು ಮರ ಕಾಣುವ ತನಕ ಉಜ್ಜಿ ತೆಗೆದರು. ಪುಡಿ ನನ್ನ ಮೂಗಿಗೆ ಹೋಗದಂತೆ ಅತ್ತೆ ನನ್ನನ್ನು ಹೊರಗೆ ನಿಲ್ಲಿಸಿದರು. ಮುಂದಿನ ವಾರಗಳಲ್ಲಿ ನಾನು ಆ ಕಡೆಗೆ ಬಿಳಿ ಹಚ್ಚಿದೆ, ಕೊಕ್ಕರೆಯ ಹಿಂದೆ ಕಪ್ಪು ಹಚ್ಚಿದೆ. ಮೇಡಂ ಅವರ ಪುಸ್ತಕಗಳಲ್ಲಿ ನಾನು ಹುಡುಕಿದಾಗ, ಹೆಂಗಸು ಸತ್ತರೆ ಮೇಲುಗಡೆ ಗಂಟು ಕಟ್ಟಿದ ರಿಬ್ಬನ್ ಬರೆಯುತ್ತಿದ್ದರೆಂದು ತಿಳಿಯಿತು. ಬುರುಡೆ ಅಳಿಸಿ ನೀಲಿ ರಿಬ್ಬನ್ ಬರೆದೆ. ಬಣ್ಣ ಬಿದ್ದಿದ್ದ ಆ ಒಂದು ಕಣ್ಣಿನ ಗುಳಿ ಮಾತ್ರ ಎಷ್ಟು ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಅದನ್ನು ಗಂಟಿನ ಮಡಿಕೆಯೊಳಗೆ ನೆರಳಿನ ಹಾಗೆ ಮುಚ್ಚಿದೆ. ನನಗೆ ಗೊತ್ತಿದ್ದದ್ದರಿಂದ ನನಗೆ ಕಾಣುತ್ತಲೇ ಇತ್ತು.

ಕ್ಯಾಪ್ಟನ್ ಅದನ್ನು ಮನೆಯ ಮುಂಬಾಗಿಲ ಮೇಲೆ ತೂಗುಹಾಕಿದರು. ಫೆರಿಗೆ ಕಾಯುವವರು ಕಾರಿನ ಗಾಜು ಇಳಿಸಿ ನೋಡುತ್ತಿದ್ದರು. ಅಕ್ಟೋಬರಿನಲ್ಲಿ ಅದನ್ನು ಹ್ಯಾಲೊವೀನ್ ಎಂಬ ದೆವ್ವದ ಹಬ್ಬದ ಅಲಂಕಾರ ಅಂದುಕೊಂಡವರು ಡಿಸೆಂಬರಿನಲ್ಲೂ ಅದು ಹಾಗೇ ಇರುವುದನ್ನು ನೋಡಿ ಮಾತು ಕಡಿಮೆ ಮಾಡಿದರು. ಪಕ್ಕದ ಮನೆಯವರು ಯಾವುದೋ ಪಂಥದ ಗುರುತೇ ಅಂತ ಕ್ಯಾಪ್ಟನ್‌ರನ್ನೇ ಕೇಳಿದರಂತೆ. ವರ್ಷ ಕಳೆಯಿತು, ಅವರು ಅದನ್ನು ಇಳಿಸಲಿಲ್ಲ. ಹಾರ್ಟ್ ಸರಿಯಿಲ್ಲ ಎಂದಿದ್ದ ಡಾಕ್ಟರು ಬೇರೆ ಊರಿಗೆ ಹೋದರು, ಕ್ಯಾಪ್ಟನ್ ಇದ್ದರು. ಫಲಕ ಏರಿದ ಆ ಮೊದಲ ಚಳಿಗಾಲದಲ್ಲಿ ನನಗೆ ಮಗಳು ಹುಟ್ಟಿದಾಗ ಅವರು ಆಸ್ಪತ್ರೆಗೆ ಬಂದು, ಮಗುವನ್ನು ಮುಟ್ಟದೆ ದೂರದಿಂದ ನೋಡಿ ಹೋದರು. ಹೋಗುವ ಮುಂಚೆ, ತಮ್ಮ ಸರದಿ ಬಂದಾಗ ಉಳಿದ ಅರ್ಧವನ್ನೂ ನಾನೇ ಮಾಡಬೇಕು ಅಂದರು. ನಾನು ತೊಡೆಯ ಮೇಲಿನ ಕೂಸಿನ ಹೊದಿಕೆ ಎಳೆದು ಸರಿಮಾಡಿದೆ.

ಆಮೇಲೆ ಗಂಡನಿಗೆ ಬೆಲ್ವ್ಯೂದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು, ನಾವು ಸಮಾಮಿಶ್‌ಗೆ ಮನೆ ಬದಲಾಯಿಸಿದೆವು. ನಾನು ಡ್ರೈವಿಂಗ್ ಕಲಿತೆ. ಮೊದಮೊದಲು ಹಬ್ಬಕ್ಕೆ ಕ್ಯಾಪ್ಟನ್‌ಗೆ ಫೋನ್ ಮಾಡುತ್ತಿದ್ದೆ, ಆಮೇಲೆ ಅದೂ ನಿಂತಿತು. ಹೀಗೆ ಕೆಲವು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಮಗಳಿಗೆ ಹಡಗು ತೋರಿಸಲು ಮುಕಿಲ್ಟಿಯೊಗೆ ಹೋದೆ. ಇಳಿಜಾರಿನ ಮೇಲೆ ಫಲಕ ಇತ್ತು. ಗಂಡನ ಕಡೆ ಬಿಳಿ. ನನಗೆ ಸಮಾಧಾನವಾಯಿತು. ಕ್ಯಾಪ್ಟನ್ ಇದ್ದಾರೆ ಅಂದುಕೊಂಡು ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿ ಬೆಲ್ ಒತ್ತಿದೆ.

ಬಾಗಿಲು ತೆಗೆದವಳು ಚಿಕ್ಕ ಪ್ರಾಯದ ಹೆಂಗಸು. ತುಂಬು ಬಸುರಿ. ಮನೆ ಕೊಂಡು ಸ್ವಲ್ಪ ಕಾಲವಾಯಿತು, ಮೊದಲು ಒಬ್ಬರೇ ಇದ್ದ ಮುದುಕರು ಹಿಂದಿನ ಚಳಿಗಾಲ ತೀರಿಕೊಂಡರಂತೆ, ಯಾರೋ ದೂರದ ಸಂಬಂಧಿಗಳು ಬಂದು ಮನೆ ಮಾರಿ ಹೋದರು ಅಂದಳು. ಬಾಗಿಲ ಮೇಲಿನದು ಮನೆಯ ಜೊತೆಗೇ ಬಂದದ್ದು, ಅವಳ ಗಂಡನಿಗೆ ಆ ಹಡಗು ಬಹಳ ಇಷ್ಟ. ಅವಳು ಮಾತಾಡುತ್ತ ಹೊಸ್ತಿಲ ಮೇಲೇ ನಿಂತಿದ್ದಳು. ಅವಳ ನೆತ್ತಿಯ ಮೇಲೆ ಸರಿಯಾಗಿ ಕೊಕ್ಕರೆಯ ಹಿಂದಿನ ಕಪ್ಪು ಇತ್ತು. ಸತ್ತವರ ಕಡೆ ಬಿಳಿ, ಬದುಕಿರುವವಳ ತಲೆಯ ಮೇಲೆ ಕಪ್ಪು.

ಹೇಳದೆ ಬರುವುದು ನನ್ನಿಂದ ಆಗಲಿಲ್ಲ. ನಾನೇ ಬಳಿದದ್ದು ಎಂದೂ, ಯಾವ ಅರ್ಧ ಯಾರದೆಂದೂ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಮೇಲೆ ನೋಡಿ, ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು.

"ಇವತ್ತೇ ತಗೊಂಡು ಹೋಗ್ತೀರಾ?" ಅಂದಳು.

ಅವಳ ಗಂಡ ಏಣಿ ತಂದ. ಮರ ನೀರು ಕುಡಿದು ಊದಿತ್ತು, ಚಿನ್ನ ಅಲ್ಲಲ್ಲಿ ಎದ್ದಿತ್ತು. ಕಾರಿನ ಹಿಂದಿನ ಸೀಟಿನ ಒಂದು ಬದಿ ಮಡಚಿ ಅದನ್ನು ಓರೆಯಾಗಿ ಮಲಗಿಸಿದೆವು. ಮಗಳು ಪೂರ್ತಿ ದಾರಿ ಅದರ ಪಕ್ಕ ಮುದುಡಿಕೊಂಡು ಕೂತಿದ್ದಳು. ಯಾಕೆ ಯಾರೂ ಮಾತಾಡುತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಕಾರಿನಲ್ಲಿ ಇದ್ದದ್ದು ನಾವಿಬ್ಬರೇ.

ಗಂಡ ಅದನ್ನು ಮನೆಯೊಳಗೆ ತರಬೇಡ ಅಂದರು, ಅಷ್ಟೇ. ಗ್ಯಾರೇಜಿನ ಬಾಗಿಲು ತೆಗೆದಿಟ್ಟು, ಮರುದಿನ ಹಗಲು ಬೆಳಕಿನಲ್ಲಿ ಹಡಗಿನ ಹಿಂದಿನ ಬಿಳಿಗೆ ಕಪ್ಪು ಹಚ್ಚಿದೆ. ಹಿಂದೆ ಬಿಳಿಗಾಗಿ ವಾರಗಟ್ಟಲೆ ಹೆಣಗಿದ್ದ ಜಾಗ ಅದು. ಕಪ್ಪು ಒಂದೇ ಸಲಕ್ಕೆ ಕೂತಿತು. ರಿಬ್ಬನ್ನು ಮುಟ್ಟಲಿಲ್ಲ. ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ, ಯಾರೋ ಬೆನ್ನ ಹಿಂದೆ ನಿಂತು ಕೆಲಸ ಸರಿಯಾಗಿದೆಯೇ ಅಂತ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು, ಹಾಗಾಗಿ ಅಂಚುಗಳನ್ನು ಬಹಳ ಎಚ್ಚರದಿಂದ ಮುಗಿಸಿದೆ. ತೂಗುಹಾಕಲು ಅವರದೆಂಬ ಬಾಗಿಲು ಉಳಿದಿರಲಿಲ್ಲ. ಒಂದು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಗ್ಯಾರೇಜಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಈಗಲೂ ಅಲ್ಲೇ ಇದೆ.

ಸಂಜೆ ಧಾರವಾಡಕ್ಕೆ ಫೋನ್ ಮಾಡಿ, ಊರಿಗೆ ಮರಳಿದ್ದ ಅತ್ತೆಗೆ ಹೇಳಿದೆ. ಅಲ್ಲಿ ಆಗಲೇ ಮರುದಿನದ ಬೆಳಗಿನ ಹೊತ್ತು. ಅವರು ಕ್ಯಾಪ್ಟನ್ ಹೇಗೆ ಸತ್ತರು, ಹತ್ತಿರ ಯಾರಿದ್ದರು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ.

"ತಲಿ ಮ್ಯಾಲೆ ನೀರ ಹಾಕ್ಕೊಂಡಿ?" ಅಂದರು.

ಇಲ್ಲ ಅಂದೆ. ಮೊದಲು ಹೋಗಿ ಹಾಕಿಕೋ, ಮಾತು ಆಮೇಲೆ ಅಂದರು. ಫೋನ್ ಇಟ್ಟು, ಮಗಳಿಗೆ, ಮಿಂದು ಬರುವ ತನಕ ನನ್ನನ್ನು ಮುಟ್ಟಬೇಡ, ಹೊರಗೇ ಇರು ಎಂದು ಹೇಳಿ, ನಾನು ಬಚ್ಚಲಿಗೆ ಹೋದೆ.